ಒಳಕೋಣೆಯ ಹಗೇವು

ಯುಗಾದಿಗೆ ನಮ್ಮ ಅತ್ತೆ ಮನೆ ತೊಳೆಸುವ ರೀತಿಯನ್ನು ಬೇರೆಯವರಿಗೆ ಹೇಳಿದರೆ ನಗುತ್ತಾರೆ. ಹಬ್ಬಕ್ಕೆ ಇನ್ನೂ ವಾರವಿರುವಾಗಲೇ ಒಳಗಿನದೆಲ್ಲ ಅಂಗಳಕ್ಕೆ ಬರಬೇಕು. ಮಂಚ, ಹಾಸಿಗೆ, ಅಕ್ಕಿಮೂಟೆ, ಟಿವಿಯ ಮೇಜು, ಗೋಡೆಯ ಮೇಲಿನ ಮಾವನವರ ಫೋಟೊ, ಅಟ್ಟದಲ್ಲಿ ವರ್ಷವಿಡೀ ಮಲಗಿದ್ದ ಹಿತ್ತಾಳೆ ಕೊಳಗ, ಏನನ್ನೂ ಬಿಡುವಂತಿಲ್ಲ. ರಸ್ತೆಯಲ್ಲಿ ಹೋಗುವವರು ನೋಡಿದರೆ ಈ ಮನೆಯವರು ಊರು ಬಿಡುತ್ತಿದ್ದಾರೆ ಅಂದುಕೊಳ್ಳಬೇಕು. ಬರಿದಾದ ಮನೆಗೆ ಜಂತೆಯಿಂದ ಹಿಡಿದು ಧೂಳು ಹೊಡೆದು, ಬಕೆಟ್ಟುಗಟ್ಟಲೆ ನೀರು ಹೊಯ್ದು, ತೆಂಗಿನಕಡ್ಡಿ ಪೊರಕೆಯಲ್ಲಿ ನೆಲ ಉಜ್ಜಿ, ಅದು ಒಣಗಿದ ಮೇಲೆ ಸಾಮಾನುಗಳು ಒಂದೊಂದಾಗಿ ಒಳಗೆ ಹೋಗಬೇಕು.

ನಾನು ನೆಲಮಂಗಲದಲ್ಲಿ ಬಾಡಿಗೆ ಮನೆಗಳಲ್ಲಿ ಬೆಳೆದವಳು. ನಮ್ಮಮ್ಮ ಒಂದು ಬಕೆಟ್ ನೀರಿಗೆ ಎರಡು ಮುಚ್ಚಳ ಫಿನಾಯಿಲ್ ಹಾಕಿ ಒರೆಸಿದರೆ ನಮ್ಮ ಹಬ್ಬದ ಕ್ಲೀನಿಂಗ್ ಮುಗಿಯುತ್ತಿತ್ತು. ಮದುವೆಯಾಗಿ ಅನುಗೊಂಡನಹಳ್ಳಿ ಕಡೆಯ ಈ ಊರಿಗೆ ಬಂದ ಮೊದಲ ವರ್ಷ ಬೆನ್ನು ಬಿದ್ದುಹೋಗಿ ಹಬ್ಬದ ದಿನ ಒಬ್ಬಟ್ಟು ತಿನ್ನುವುದಕ್ಕೂ ಕೂರಲಾಗದೆ ಮಲಗಿದ್ದೆ. ಆಮೇಲೆ ಅಭ್ಯಾಸವಾಯಿತು. ಹೊಸಕೋಟೆ ದಾರಿಯ ಗೋದಾಮೊಂದರಲ್ಲಿ ಸ್ಟಾಕ್ ನೋಡುವ ಕೆಲಸ ನನ್ನದು. ಆ ವಾರ ರಜೆ ಹಾಕುತ್ತೇನೆಂದು ಅಲ್ಲಿ ಎಲ್ಲರಿಗೂ ಗೊತ್ತು.

ನಮ್ಮ ಮನೆಯಲ್ಲಿ ಎರಡು ಭಾಗ. ಮುಂದಿನದು ನನ್ನ ಗಂಡ ಕಟ್ಟಿಸಿದ ಆರ್‌ಸಿಸಿ, ಹಿಂದಿನದು ಅವರ ತಾತನ ಕಾಲದ ಹೆಂಚಿನ ಮನೆ. ಹಿಂದಿನ ಭಾಗದ ಕೊನೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆಯಿದೆ. ಅದನ್ನು ಒಳಕೋಣೆ ಅನ್ನುತ್ತೇವೆ. ಕಲ್ಲುಚಪ್ಪಡಿ ಹಾಸಿದ ನೆಲ, ಮೂಲೆಯಲ್ಲಿ ರಾಗಿ ತುಂಬಿಡುವ ದೊಡ್ಡ ತಗಡಿನ ಡ್ರಮ್. ಮನೆಯ ಉಳಿದೆಲ್ಲ ಕಡೆ ನನ್ನ ಬೆವರಿಳಿಸುತ್ತಿದ್ದ ಅತ್ತೆ ಆ ಕೋಣೆಗೆ ಮಾತ್ರ ಬಿಡುತ್ತಿರಲಿಲ್ಲ. "ಅದು ನಾನ್ ನೋಡ್ಕೊಂತೀನಿ, ನೀನು ಅಡುಗೆಮನೆ ನೋಡು ಹೋಗು" ಅನ್ನುತ್ತಿದ್ದರು. ತಾವೇ ಬಾಗಿಲು ಹಾಕಿಕೊಂಡು, ಹಿಂಡಿದ ಬಟ್ಟೆಯಲ್ಲಿ ಒರೆಸಿ ಬರುತ್ತಿದ್ದರು. ಒಂದು ತಂಬಿಗೆ ನೀರನ್ನೂ ಅಲ್ಲಿ ಚೆಲ್ಲುತ್ತಿರಲಿಲ್ಲ. ರಾಗಿಗೆ ತೇವ ತಗಲಬಾರದೆಂದು ಹಾಗೆ ಮಾಡುತ್ತಾರೆ ಅಂದುಕೊಂಡಿದ್ದೆ.

ನಾನು ಹೇಳುತ್ತಿರುವ ವರ್ಷ ಅವರ ಮಂಡಿಗೆ ಆಪರೇಷನ್ ಆಗಿತ್ತು. ಅಂಗಳದ ಹೊಂಗೆ ಮರ ಚಿಗುರಿ ಕಣ್ಣಿಗೆ ಹೊಡೆಯುವಷ್ಟು ಹಸಿರಾಗಿತ್ತು. ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಅವರು ಅಲ್ಲಿಂದಲೇ ಅಪ್ಪಣೆ ಕೊಡುತ್ತಿದ್ದರು. ನನ್ನ ಗಂಡ ಟೊಮೇಟೊ ಕೀಳಿಸಲು ತೋಟಕ್ಕೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಭಾಗವೆಲ್ಲ ತೊಳೆದಾಗಿತ್ತು. ಉಳಿದದ್ದು ಒಳಕೋಣೆ. ಅತ್ತೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಅವರನ್ನು ಎಬ್ಬಿಸಿ ಕೇಳುವುದೇನು, ಪಾಪ, ಈ ಸಲ ಅವರಿಂದ ಆಗುವುದಿಲ್ಲವಲ್ಲ ಎಂದು ನಾನೇ ಹೋದೆ.

ಡ್ರಮ್ಮಿನಲ್ಲಿ ರಾಗಿ ತಳಕ್ಕೆ ಬಂದಿತ್ತು. ಅಂಚು ಹಿಡಿದು ವಾಲಿಸಿ ಉರುಳಿಸಿದೆ. ಅದರ ಕೆಳಗಿನ ಚಪ್ಪಡಿ ಉಳಿದವುಗಳಂತೆ ಚೌಕವಾಗಿರಲಿಲ್ಲ, ಗುಂಡಗಿತ್ತು. ಸುತ್ತ ಮೆತ್ತಿದ್ದ ಸಿಮೆಂಟು ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಹಳೇ ಕಾಲದ ಒರಳುಕಲ್ಲೇನಾದರೂ ಹೂತಿದ್ದಾರೋ ಏನೋ ಅಂದುಕೊಂಡು ಬಕೆಟ್ ಎತ್ತಿ ನೀರು ಹೊಯ್ದೆ.

ನೀರು ಆ ಕಲ್ಲಿನ ಅಂಚಿನಲ್ಲಿ ಒಂದು ಸುತ್ತು ತಿರುಗಿತು. ತಿರುಗಿ ಇಲ್ಲವಾಯಿತು.

ಪೊರಕೆ ಕೈಯಲ್ಲೇ ಇತ್ತು. ಉಜ್ಜುವುದಕ್ಕೆ ನೆಲದ ಮೇಲೆ ನೀರೇ ಇಲ್ಲ. ಇನ್ನೊಂದು ಬಕೆಟ್ ತಂದು ಹೊಯ್ದೆ. ಅದೂ ಹಾಗೆಯೇ ಹೋಯಿತು. ಬಗ್ಗಿ ನೋಡುತ್ತಿದ್ದೆ. ಆಗ ನನ್ನ ಪಾದದ ಕೆಳಗೆ, ಬಹಳ ಕೆಳಗೆ, ನೀರು ಬೀಳುವ ಸದ್ದು ಕೇಳಿತು. ಮಣ್ಣಿನಲ್ಲಿ ಇಂಗುವ ಸದ್ದಲ್ಲ. ದೊಡ್ಡ ಖಾಲಿ ಕೋಣೆಯೊಳಗೆ ಮೇಲಿನಿಂದ ತೊಟ್ಟಿಕ್ಕುವ ಸದ್ದು. ಒಂದೊಂದು ಹನಿಯೂ ಬಿದ್ದ ಮೇಲೆ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತಿತ್ತು. ಬಿರುಕಿನಿಂದ ಗಾಳಿ ಬಂದು ಕಾಲ್ಬೆರಳಿಗೆ ತಾಗಿತು. ಬೆಚ್ಚಗಿತ್ತು. ಹಳೇ ರಾಗಿಯ ವಾಸನೆ ಇತ್ತು.

ಹೊರಗೆ ಬಂದು ಅತ್ತೆಯನ್ನು ಎಬ್ಬಿಸಿದೆ. "ಅತ್ತೆ, ಅಲ್ಲಿ ನೀರೇ ನಿಲ್ತಿಲ್ಲ."

"ಎಲ್ಲಮ್ಮಿ?"

"ಒಳಕೋಣೇಲಿ. ಡ್ರಮ್ ಇತ್ತಲ್ಲ, ಆ ಮೂಲೇಲಿ."

ಅವರ ನಿದ್ದೆ ಹಾರಿಹೋಯಿತು. "ಡ್ರಮ್ ಯಾರು ಸರಿಸಿದ್ದು?"

"ನಾನೇ."

"ನೀರು ಹುಯ್ದ್ಯಾ?"

"ಎರಡು ಬಕೆಟ್ ಹುಯ್ದೆ. ಅಷ್ಟೂ ಒಳಗೆ ಹೋಗ್ಬಿಡ್ತು. ಕೆಳಗೆ ಬೀಳೋದು ಕೇಳಿಸ್ತು."

ಅವರು ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಆಪರೇಷನ್ ಆದಮೇಲೆ ನಾನು ತೋಳು ಕೊಡದೆ ಎದ್ದವರೇ ಅಲ್ಲ. ಅವತ್ತು ಕೋಲೂರಿಕೊಂಡು ತಾವೇ ಎದ್ದು, ಒದ್ದೆ ನೆಲದ ಮೇಲೆ ಸರಸರನೆ ನಡೆದು ಒಳಕೋಣೆಯ ಬಾಗಿಲಿಗೆ ಹೋಗಿ ನಿಂತರು. ಹೊಸ್ತಿಲು ದಾಟಲಿಲ್ಲ. ನಾನು ಅವರನ್ನು ದಾಟಿ ಒಳಗೆ ಹೋಗಿ ತೋರಿಸಹೋದೆ.

"ಆಚೆಗೆ ಬಾ" ಅಂದರು.

"ಏನಾಯ್ತತ್ತೆ?"

"ಮೊದ್ಲು ಆಚೆಗೆ ಬಾ ಅಂದೆ." ನನ್ನ ತೋಳು ಹಿಡಿದು ಎಳೆದರು. ಅವರ ಬೆರಳಿನ ಗುರುತು ಸಂಜೆಯವರೆಗೂ ಇತ್ತು.

ತೋಟದಿಂದ ಬಂದ ನನ್ನ ಗಂಡ ನೆಲಕ್ಕೆ ಕಿವಿಯಿಟ್ಟು ಕೇಳಿದರು. ಕಲ್ಲಿನ ಮೇಲೆ ಹಾರೆಯಿಂದ ತಟ್ಟಿದರು. ಒಳಗಿನಿಂದ ಮದ್ದಲೆ ಬಡಿದಂತೆ ಸದ್ದು ಬಂತು. "ಹಗೇವು ಇದು" ಅಂದರು. ಹಗೇವು ಅಂದರೆ ಹಿಂದಿನವರು ರಾಗಿ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಗುಂಡಿ. ಬಾಯಿ ಚಿಕ್ಕದು, ಒಳಗೆ ಹೊಟ್ಟೆ ಅಗಲ. ಸರಿಯಾಗಿ ಮುಚ್ಚಿಟ್ಟರೆ ವರ್ಷಗಟ್ಟಲೆ ರಾಗಿಗೆ ಹುಳು ಬೀಳುವುದಿಲ್ಲ. ಊರಲ್ಲಿ ಅಂಥವು ಇದ್ದವೆಂದು ಅವರು ಕೇಳಿದ್ದರು. ತಾವು ಹುಟ್ಟಿ ಬೆಳೆದ ಮನೆಯೊಳಗೇ ಒಂದು ಇದೆಯೆಂದು ಅವರಿಗೂ ಗೊತ್ತಿರಲಿಲ್ಲ.

"ಅಮ್ಮ, ನಿಂಗ್ ಗೊತ್ತಿತ್ತಾ?"

"ಮುಚ್ಚಿರೋದು ಮುಚ್ಚಿರ್ಲಿ ಬಿಡಪ್ಪ" ಅಂದರು ಅತ್ತೆ.

"ಹಂಗ್ ಬಿಡಕ್ಕಾಗಲ್ಲ. ಸಿಮೆಂಟೆಲ್ಲ ಬಿಟ್ಕೊಂಡಿದೆ. ಕಲ್ಲು ಜಾರಿ ಯಾರಾದ್ರೂ ಒಳಗೆ ಹೋದ್ರೆ? ತೆಗೆದು, ಟ್ರ್ಯಾಕ್ಟರ್‌ನಲ್ಲಿ ಮಣ್ಣು ತರಿಸಿ ತುಂಬ್ಬಿಡ್ತೀನಿ."

ಅತ್ತೆ ರಾತ್ರಿ ಊಟಕ್ಕೆ ಬರಲಿಲ್ಲ.

ಮಾರನೆಯ ದಿನ ಪಕ್ಕದ ಮನೆಯ ದಾಯಾದಿಗಳಿಬ್ಬರು ಬಂದರು. ಮೂವರೂ ಸೇರಿ ಹಾರೆ ಹಾಕಿ ಕಲ್ಲನ್ನು ಸರಿಸಿದರು. ಕಲ್ಲು ಸರಿದಾಗ ಒಳಗಿನ ಗಾಳಿ ಒಮ್ಮೆಲೇ ಮೇಲೆ ಬಂದು ಕೋಣೆ ತುಂಬಿಕೊಂಡಿತು. ಕೊಳೆತ ವಾಸನೆ ಇರಬಹುದೆಂದು ಸೆರಗು ಮೂಗಿಗೆ ಹಿಡಿದಿದ್ದೆ. ಕೊಳೆತದ್ದೇನಿಲ್ಲ. ಸಗಣಿ, ಕೆಮ್ಮಣ್ಣು, ರಾಗಿ. ಅದರ ಜೊತೆಗೆ ಯಾರೋ ಈಗತಾನೇ ಎದ್ದುಹೋದ ಹಾಸಿಗೆಯ ಬಿಸುಪು. ದಾಯಾದಿಗಳಲ್ಲಿ ದೊಡ್ಡವರು ಹಿಂದಕ್ಕೆ ಸರಿದು, "ಯಾರೂ ಬಗ್ಗಬೇಡ್ರಪ್ಪ, ಹಗೇವಿನ ಗಾಳಿ ಒಳ್ಳೇದಲ್ಲ. ಮೊದ್ಲು ದೀಪ ಬಿಡಿ" ಅಂದರು.

ಡಬ್ಬಿಯೊಂದರಲ್ಲಿ ಎಣ್ಣೆದೀಪ ಇಟ್ಟು ದಾರ ಕಟ್ಟಿ ಇಳಿಬಿಟ್ಟೆವು. ಬಾಯಿ ದಾಟುತ್ತಲೇ ಆರಿತು. ಗಾಳಿ ಬೀಸಿ ಆರಿದಂತಿರಲಿಲ್ಲ, ಯಾರೋ ಬತ್ತಿಯನ್ನು ಬೆರಳಲ್ಲಿ ಚಿವುಟಿದಂತಿತ್ತು. ಮತ್ತೆ ಹಚ್ಚಿ ಬಿಟ್ಟೆವು. ಅದೇ ಜಾಗದಲ್ಲಿ ಮತ್ತೆ ಆರಿತು. ಬಾಗಿಲಾಚೆ ಕೂತಿದ್ದ ಅತ್ತೆ ದೀಪ ಆರಿದಾಗಲೆಲ್ಲ, ನಾವು ಹೇಳುವ ಮೊದಲೇ, "ಕೆಟ್ಟೋಯ್ತಾ?" ಅನ್ನುತ್ತಿದ್ದರು.

ಬಾಯಿಗೆ ಎದುರಾಗಿ ಟೇಬಲ್ ಫ್ಯಾನ್ ಇಟ್ಟು ಹಗಲೂ ರಾತ್ರಿ ಓಡಿಸಿದೆವು. ಮನೆಯ ಸಾಮಾನೆಲ್ಲ ಇನ್ನೂ ಅಂಗಳದಲ್ಲೇ, ಟಾರ್ಪಾಲಿನ ಕೆಳಗೆ. ಒಳಗೆ ಮನೆ ಬರಿದು. ಬರಿದಾದ ಮನೆಯಲ್ಲಿ ಮಾತಾಡಿದರೆ ನಮ್ಮ ಮಾತೇ ನಮಗೆ ವಾಪಸು ಕೇಳುತ್ತಿತ್ತು. ಫ್ಯಾನಿನ ಗಾಳಿ ಆ ಗುಂಡಿಯೊಳಗೆ ತಿರುಗಿ ಬರುವಾಗ ಊಂ ಅನ್ನುತ್ತಿತ್ತು. ಹಾಲ್‌ನಲ್ಲಿ ಚಾಪೆ ಹಾಕಿ ಮಲಗಿದ್ದರೂ ಅದು ಕಿವಿಗೆ ಬೀಳುತ್ತಿತ್ತು. ನನಗೆ ದೆವ್ವಭೂತದ ನಂಬಿಕೆ ಇಲ್ಲ, ಆಗಲೂ ಇರಲಿಲ್ಲ. ಆದರೂ ಕತ್ತಲಾದ ಮೇಲೆ ಹಿತ್ತಿಲಿಗೆ ಹೋಗಬೇಕಾದಾಗ ಆ ಬಾಗಿಲ ಮುಂದೆ ಹೋಗದೆ ಮನೆ ಸುತ್ತಿಕೊಂಡು ಹೋಗುತ್ತಿದ್ದೆ.

ಕೊನೆಗೊಂದು ಬೆಳಿಗ್ಗೆ ದೀಪ ತಳದವರೆಗೂ ಇಳಿದು ಅಲ್ಲೇ ಉರಿಯುತ್ತ ನಿಂತಿತು. ಗೋಡೆ ಗಟ್ಟಿಯಿದೆಯೋ ಕುಸಿಯುವಂತಿದೆಯೋ ನೋಡಬೇಕೆಂದು ನನ್ನ ಗಂಡ ಮೊಬೈಲಿನ ಟಾರ್ಚ್ ಹಾಕಿ, ವಿಡಿಯೊ ಆನ್ ಮಾಡಿ, ಅದನ್ನೂ ದಾರದಲ್ಲಿ ಇಳಿಬಿಟ್ಟರು. ಮೇಲೆಳೆದ ಮೇಲೆ ಹಾಲ್‌ನಲ್ಲಿ ಕೂತು ಇಬ್ಬರೂ ನೋಡಿದೆವು. ಅತ್ತೆ ಅಲ್ಲೇ ಇದ್ದರೂ ಮುಖ ಆಚೆ ತಿರುಗಿಸಿಕೊಂಡಿದ್ದರು.

ಮೊಬೈಲು ಮೆಲ್ಲಗೆ ತಿರುಗುತ್ತ ಇಳಿಯುತ್ತದೆ. ಮೊದಲು ಹಗೇವಿನ ಇಕ್ಕಟ್ಟಾದ ಕತ್ತು, ಆಮೇಲೆ ಗೋಡೆ ದೂರ ಸರಿಯುತ್ತದೆ. ಸುತ್ತಲೂ ಸಗಣಿ ಕೆಮ್ಮಣ್ಣು ಬಳಿದ ಗೋಡೆ. ಅಂಗೈಯನ್ನು ಬಳಸಿ ಬಳಸಿ ಎಳೆದ ಕಮಾನಿನಂಥ ಗುರುತುಗಳು ಸಾಲುಸಾಲಾಗಿ, ಮೀನಿನ ಹುರುಪೆಯಂತೆ, ತಳದಿಂದ ಮೇಲಿನವರೆಗೆ. ಬೆರಳಿನ ಗೆರೆ ಕೂಡ ಕಾಣುತ್ತಿತ್ತು. ಅಷ್ಟು ನಾಜೂಕಾಗಿ ಬಳಿದ ಗೋಡೆಯನ್ನು ನಾನು ನೋಡೇ ಇಲ್ಲ. ಕತ್ತಿನ ಹತ್ತಿರ ಒಂದು ಪಟ್ಟಿ ಮಾತ್ರ ಬೋಳಾಗಿ ಉಳಿದಿತ್ತು. ತಳದಲ್ಲಿ ನಾನು ಹೊಯ್ದ ನೀರಿನ ಕಪ್ಪು ಕಲೆ. ಅದರ ಪಕ್ಕದಲ್ಲಿ ಬಿದಿರಿನ ಒಂದು ಮಂಕರಿ, ಯಾರೋ ಈಗ ಇಟ್ಟು ಹೋದಂತೆ ನೆಟ್ಟಗೆ ಕೂತಿತ್ತು. ಒಳಗೇನೋ ಒಣಗಿ ಬಿರಿದ ಗಟ್ಟಿ.

"ಅಮ್ಮ, ಕೆಳಗೊಂದು ಮಂಕರಿ ಇದೆ" ಅಂದರು ನನ್ನ ಗಂಡ.

ಅತ್ತೆ ತಿರುಗಿದರು. "ಇನ್ನೂ ಇದ್ಯಾ?"

ಆಮೇಲೆ ಅವರು ಹೇಳಿದರು. ನಡುನಡುವೆ ನಿಲ್ಲಿಸಿ, ಗೋಡೆಯ ಕಡೆ ನೋಡುತ್ತ.

ಮಾವನವರಿಗೆ ಒಬ್ಬ ತಂಗಿ ಇದ್ದಳು. ಚಿಕ್ಕಂದಿನಲ್ಲಿ ಜ್ವರ ಬಂದು ಹೋದಳು ಎಂದಷ್ಟೇ ನನ್ನ ಗಂಡ ಕೇಳಿದ್ದರು. "ಹಂಗಂತ ಹೇಳ್ಕೊಂಡ್ ಬಂದ್ವಿ" ಅಂದರು ಅತ್ತೆ. ಅವರು ಮದುವೆಯಾಗಿ ಬಂದ ಹೊಸತು. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಹದಿನಾರು. ನೀರಿಗೆ ಹೋದರೂ ಜೊತೆ, ಹೊಲಕ್ಕೆ ಹೋದರೂ ಜೊತೆ. ಆಗ ಹಗೇವು ಮನೆಯ ಹೊರಗೆ, ಹಿತ್ತಿಲಲ್ಲಿತ್ತು. ಯುಗಾದಿಗೆ ಮುಂಚೆ ಹಳೇ ರಾಗಿ ತೆಗೆದು, ಒಳಗೋಡೆಗೆ ಸಗಣಿ ಕೆಮ್ಮಣ್ಣು ಬಳಿದು, ಒಣಗಿಸಿ, ಹೊಸ ರಾಗಿ ತುಂಬುವುದು ಪದ್ಧತಿ. ಬಾಯಿ ಚಿಕ್ಕದಲ್ಲವೇ, ಸಣ್ಣಗಿದ್ದವರೇ ಇಳಿಯಬೇಕು. ಆ ಹುಡುಗಿ ಇಳಿದಳು.

"ನಾನು ಮೇಲೆ ಕೂತ್ಕೊಂಡು ಮಂಕರಿ ಇಳಿಸ್ಕೊಟ್ಟೆ. ಕೆಳಗಿಂದ ಮಾತಾಡ್ತಾನೇ ಇದ್ಲು. ಅವಳ ಮಾತು ನಿಲ್ತಾನೇ ಇರ್ಲಿಲ್ಲ ಯಾವಾಗ್ಲೂ. ಇದ್ದಕ್ಕಿದ್ದಂಗೆ, 'ಅತ್ತಿಗೆ, ದೀಪ ಕೆಟ್ಟೋಯ್ತು' ಅಂದ್ಲು. ತಾಳು, ಕಡ್ಡಿಪೆಟ್ಟಿಗೆ ತರ್ತೀನಿ ಅಂತ ಅಡುಗೆಮನೆಗೆ ಬಂದೆ. ಹೋಗಿ ಕೂಗ್ತೀನಿ, ಮಾತೇ ಇಲ್ಲ."

ಊರಿನವರೊಬ್ಬರು ಸೊಂಟಕ್ಕೆ ಹಗ್ಗ ಬಿಗಿದು, ಉಸಿರು ಹಿಡಿದು ಇಳಿದು ಅವಳನ್ನು ಎತ್ತಿ ತಂದರು. ಅವತ್ತೇ ಸಂಜೆ ಚಪ್ಪಡಿ ಎಳೆದು ಬಾಯಿ ಮುಚ್ಚಿದರು. ಆ ವರ್ಷವೇ ಅತ್ತೆಯ ಮಾವ ಹಿಂದಿನ ಗೋಡೆ ಒಡೆದು ಹಿತ್ತಿಲ ಕಡೆಗೆ ಸರಿಸಿ ಕಟ್ಟಿಸಿ, ಅದನ್ನು ಮನೆಯೊಳಗೆ ಸೇರಿಸಿಕೊಂಡುಬಿಟ್ಟರು. ಹಿತ್ತಿಲಲ್ಲಿದ್ದರೆ ಮುಂದೆ ಯಾರಾದರೂ ತೆಗೆದು ಇಳಿದಾರು ಅನ್ನುವ ಭಯ ಅವರಿಗೆ. ಮನೆಯಲ್ಲಿ ಆ ಮಾತು ಎತ್ತಕೂಡದೆಂದು ಹೇಳಿದರು. ಯಾರೂ ಎತ್ತಲಿಲ್ಲ.

ನನ್ನ ಗಂಡ ತಲೆ ತಗ್ಗಿಸಿ ಕೂತಿದ್ದರು. ತಲೆ ಎತ್ತದೆಯೇ, "ನಾಳೆ ಮಣ್ಣು ತರಿಸ್ತೀನಿ" ಅಂದರು.

"ತರ್ಸು. ಆದ್ರೆ ಅವಳು ಅರ್ಧಕ್ಕೆ ಬಿಟ್ಟಿದ್ದನ್ನ ಹಂಗೇ ಬಿಟ್ಟು ಮಣ್ಣು ಹಾಕ್ಬೇಡ ಕಣಪ್ಪ. ಹಬ್ಬದ ಕೆಲಸ ಅದು. ಯಾರಾದ್ರೂ ಮುಗಿಸಿ ಮುಚ್ಚಿ."

"ಏನಮ್ಮ ನೀನು. ಮುಚ್ಚೋ ಗುಂಡಿಗೆ ಬಳಿಯೋದೇನು?"

"ಅವಳಿಗೆ ಅರ್ಧ ಕೆಲಸ ಬಿಟ್ಟು ಏಳೋ ಅಭ್ಯಾಸ ಇರ್ಲಿಲ್ಲ" ಅಂದರು ಅತ್ತೆ.

ಅವರು ಅಳುತ್ತಿರಲಿಲ್ಲ, ಜೋರು ಮಾಡುತ್ತಲೂ ಇರಲಿಲ್ಲ. ಒಲೆ ಮೇಲೆ ಹಾಲಿಟ್ಟಿದ್ದೇನೆ ನೋಡು ಅನ್ನುವ ಧಾಟಿಯಲ್ಲಿ ಹೇಳಿದರು. ನನ್ನ ಗಂಡನ ಭುಜ ಆ ಬಾಯಲ್ಲಿ ಹಿಡಿಸುವಂತಿರಲಿಲ್ಲ. ದಾಯಾದಿಗಳೂ ದಪ್ಪ ಆಳುಗಳು. ನಾನು ಇಳಿಯುತ್ತೇನೆ ಅಂದೆ. ಯಾಕೆ ಅಂದೆನೋ ಈಗಲೂ ಸರಿಯಾಗಿ ಹೇಳಲಾರೆ. ಅತ್ತೆಯ ಮುಖ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ. ನಿಜ ಹೇಳಬೇಕೆಂದರೆ, ಆ ಗೋಡೆಯನ್ನು ಮೊಬೈಲಿನಲ್ಲಿ ನೋಡಿದ ಮೇಲೆ ಒಮ್ಮೆ ಕಣ್ಣಾರೆ ನೋಡಬೇಕು, ಮುಟ್ಟಬೇಕು ಅನ್ನಿಸಿತ್ತು. ನನ್ನ ಗಂಡ ಮುಕ್ಕಾಲು ದಿನ ನನ್ನ ಜೊತೆ ಜಗಳ ಆಡಿದರು. ಕೊನೆಗೆ, ದೀಪ ಸ್ವಲ್ಪ ಅಲ್ಲಾಡಿದರೂ ಮೇಲೆ ಎಳೆದುಬಿಡುತ್ತೇವೆ ಅನ್ನುವ ಮಾತಿನ ಮೇಲೆ ಒಪ್ಪಿದರು.

ಮಾರನೆಯ ಬೆಳಿಗ್ಗೆ ಫ್ಯಾನ್ ಓಡುತ್ತಲೇ ಇತ್ತು. ದೀಪ ಇಳಿಸಿ ಬಹಳ ಹೊತ್ತು ನೋಡಿದೆವು. ಕಂಕುಳ ಕೆಳಗೆ ಹಗ್ಗ ಬಿಗಿದುಕೊಂಡು, ಚೂಡಿದಾರ ಮೇಲೆ ಸಿಕ್ಕಿಸಿ, ಬಿದಿರಿನ ಏಣಿಯಲ್ಲಿ ಇಳಿದೆ. ಹಗ್ಗದ ಆಚೆ ತುದಿಯಲ್ಲಿ ನನ್ನ ಗಂಡ ಮತ್ತು ದಾಯಾದಿಗಳಿದ್ದರು. ಅತ್ತೆ ಅವತ್ತು ಹೊಸ್ತಿಲು ದಾಟಿ ಬಂದು, ಬಾಯಿಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು.

ಒಳಗೆ ತಂಪಿರಬಹುದೆಂದುಕೊಂಡಿದ್ದೆ. ಇರಲಿಲ್ಲ. ತಳ ಮುಟ್ಟಿದಾಗ ಮೇಲಿನ ಬೆಳಕು ಒಂದು ತಟ್ಟೆಯಷ್ಟಾಗಿತ್ತು. ಮೇಲೆ ಜೋರಾಗಿ ಮಾತಾಡುತ್ತಿದ್ದುದು ನನಗೆ ಕೇಳುತ್ತಿರಲಿಲ್ಲ. ಆದರೆ ನನ್ನ ಗಂಡ ಬಗ್ಗಿ ಮೆಲ್ಲಗೆ "ಹುಷಾರು" ಅಂದರೆ ಅದು ನನ್ನ ಕಿವಿಯ ಪಕ್ಕದಲ್ಲೇ ಅಂದಂತಾಗಿ, ಎರಡು ಸಲ ತಿರುಗಿ ನೋಡಿದೆ. ಮಂಕರಿಯನ್ನು ಮುಟ್ಟಿದೆ. ಬಿದಿರು ಪುಡಿಯಾಗಲಿಲ್ಲ. ಒಳಗಿದ್ದದ್ದು ಕಲಸಿದ ಸಗಣಿ ಕೆಮ್ಮಣ್ಣು, ಕಲ್ಲಿನಂತೆ ಒಣಗಿತ್ತು. ಅಂಚಿನವರೆಗೂ ತುಂಬಿತ್ತು. ಒಂದು ಕಡೆ ಮಾತ್ರ ಬೆರಳಲ್ಲಿ ತೋಡಿ ತೆಗೆದ ಒಂದು ಹಿಡಿಯಷ್ಟು ತಗ್ಗು.

ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ. ಕೆಲಸ ಮುಗಿಸಿ ಮೇಲೆ ಹೋಗುವುದೊಂದೇ ತಲೆಯಲ್ಲಿತ್ತು.

ಹೊಸದಾಗಿ ಕಲಸಿದ್ದನ್ನು ಬಾಂಡ್ಲಿಯಲ್ಲಿ ಇಳಿಸಿಕೊಟ್ಟರು. ಏಣಿ ಮೇಲೆ ನಿಂತು ಆ ಬೋಳು ಪಟ್ಟಿಗೆ ಬಳಿಯತೊಡಗಿದೆ. ಬಲಗೈಯಲ್ಲಿ ಎಳೆದರೆ ನನ್ನ ಕಮಾನು ಪಕ್ಕದ ಕಮಾನಿಗೆ ಕೂಡಲೇ ಇಲ್ಲ, ಎದುರು ಬದುರಾಗಿ ನಿಂತಿತು. ಅಳಿಸಿ ಮತ್ತೆ ಎಳೆದೆ. ಮತ್ತೂ ಹಾಗೆಯೇ. ಸುಮ್ಮನೆ ಎಡಗೈ ಒತ್ತಿ ನೋಡಿದೆ. ಹಳೆಯ ಗುರುತಿನೊಳಗೆ ನನ್ನ ಅಂಗೈ ಹೋಗಿ ಕೂತುಕೊಂಡಿತು. ಹೆಬ್ಬೆರಳಿನ ಜಾಗದಲ್ಲಿ ಹೆಬ್ಬೆರಳು, ಕಿರುಬೆರಳಿನ ಜಾಗದಲ್ಲಿ ಕಿರುಬೆರಳು. ಅಲ್ಲಿಂದ ಮುಂದಕ್ಕೆ ಕೈ ತಾನಾಗಿ ಹೋಯಿತು. ಎಡಗೈಯಲ್ಲಿ ನಾನು ಒಂದು ಅಕ್ಷರವನ್ನೂ ಬರೆಯಲಾರೆ. ಆ ಪಟ್ಟಿಯನ್ನು ಎಡಗೈಯಲ್ಲೇ ಕೊನೆಯವರೆಗೆ ಬಳಿದೆ. ನಾನು ಬಳಿದದ್ದು ಎಲ್ಲಿಂದ ಶುರುವಾಯಿತೆಂದು ಹಸಿಯಾಗಿದ್ದರಿಂದಷ್ಟೇ ತಿಳಿಯುತ್ತಿತ್ತು.

ಕೊನೆಯ ಎಳೆತ ಎಳೆಯುವಾಗ ಕೆಳಗಿನ ಬೆಳಕು ಹಂದಾಡಿತು. ನಾನು ಸುಮ್ಮನಿರಬಹುದಿತ್ತು. ಬಾಯಿಂದ ಬಂದುಬಿಟ್ಟಿತು. "ದೀಪ ಯಾಕೋ ಅಲ್ಲಾಡ್ತಿದೆ."

ಮೇಲೆ ಅತ್ತೆ ಕಿರುಚಿದ ಕಿರುಚಾಟ ಇವತ್ತಿಗೂ ನನ್ನ ಕಿವಿಯಲ್ಲಿದೆ. "ಎಳೀರೋ! ಎಳೀರೋ ಅವಳ್ನ! ನಾನೆಲ್ಲಿಗೂ ಹೋಗಲ್ಲ ಕಣೇ, ಇಲ್ಲೇ ಇದೀನಿ, ಇಲ್ಲೇ ಇದೀನಿ!"

ಮೂವರೂ ಒಟ್ಟಿಗೆ ಎಳೆದರು. ಏಣಿ ಒದ್ದುಕೊಂಡು, ಮೊಣಕೈ ತರಚಿಕೊಂಡು ಬಾಯಿಂದಾಚೆ ಬಂದು ಬಿದ್ದೆ. ಅತ್ತೆ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತಿದ್ದರು. ಆಪರೇಷನ್ ಆದ ಕಾಲು ಹೇಗೆ ಮಡಚಿತೋ ದೇವರಿಗೇ ಗೊತ್ತು. ನನ್ನ ಕೆನ್ನೆ, ಕತ್ತು, ತಲೆ ಎಲ್ಲ ಸವರಿ ನೋಡಿದರು. ನಾನು ಉಸಿರಾಡುತ್ತಿದ್ದೇನೆಂದು ಗಟ್ಟಿಯಾದ ಮೇಲೆ ಕೈ ಬಿಟ್ಟರು. ದೀಪ ಕೆಳಗೆ ಇನ್ನೂ ಉರಿಯುತ್ತಲೇ ಇತ್ತು.

ನೀರು ಕುಡಿದು ಸುಧಾರಿಸಿಕೊಂಡೆ. ಅತ್ತೆ ಕೇಳಿದರು, "ಎಲ್ಲಿಗಂಟ ಆಯ್ತು?"

"ಮುಗೀತು ಅತ್ತೆ."

"ಸುಳ್ ಹೇಳ್ಬೇಡ. ಇಷ್ಟು ಬೇಗ ಹೆಂಗೆ ಮುಗಿಯುತ್ತೆ? ಇಬ್ಬರು ಕೂತ್ರೆ ಒಂದಿನದ ಕೆಲಸ ಅದು."

"ಉಳಿದಿದ್ದೇ ಒಂದು ಪಟ್ಟಿ. ಮಿಕ್ಕಿದ್ದೆಲ್ಲ ಅವರೇ ಬಳಿದಿದ್ರಲ್ಲ. ಆದ್ರೆ ನಂಗೆ ಬಲಗೈ ಕೂಡ್ಲೇ ಇಲ್ಲ. ಎಲ್ಲ ಎಡಗೈಲಿ ಬಳ್ದಂಗಿದೆ."

"ಅವಳು ಎಡಚಿ" ಅಂದರು ಅತ್ತೆ. ಆಮೇಲೆ ನನ್ನನ್ನೇ ನೋಡುತ್ತ, "ಎಲ್ಲ ಅಂದ್ರೆ?" ಅಂದರು.

"ಪೂರ್ತಿ ಗೋಡೆ. ತಳದಿಂದ ಮೇಲಿನವರ್ಗೂ."

"ಇಲ್ಲಮ್ಮಿ." ಅತ್ತೆ ತಲೆಯಾಡಿಸಿದರು. "ಅವಳು ಆಗಿನ್ನೂ ಶುರು ಮಾಡಿದ್ಲು. ಮೊದಲ್ನೇ ಮಂಕರಿ ಅದು. ಒಂದು ಹಿಡಿ ತಗೊಂಡು ಗೋಡೆಗೆ ಹಾಕಿದ್ಲೋ ಇಲ್ವೋ, ದೀಪ ಕೆಟ್ಟೋಯ್ತು ಅಂದ್ಲು. ಎರಡ್ನೇ ಮಂಕರಿ ನಾನು ತುಂಬೇ ಇರ್ಲಿಲ್ಲ."

ಮಂಕರಿಯಲ್ಲಿ ನಾನು ನೋಡಿದ ಒಂದು ಹಿಡಿಯ ತಗ್ಗು ಆಗ ನೆನಪಿಗೆ ಬಂತು. ನನ್ನ ಗಂಡ, "ಆಮೇಲೆ ಯಾರಾದ್ರೂ ಇಳಿದು ಬಳಿದಿರ್ತಾರೆ ಬಿಡಮ್ಮ" ಅಂದರು.

"ಯಾರು ಇಳೀತಾರೆ? ಹೆಣ ಎತ್ತಿದ ಸಂಜೇನೇ ಮುಚ್ಚಿದ್ರು. ನಾನ್ ಇಲ್ಲೇ ಇದ್ನಲ್ಲ."

ದಾಯಾದಿಗಳಲ್ಲಿ ಚಿಕ್ಕವರು ಹಗ್ಗವನ್ನು ಸುತ್ತದೆ ಹಾಗೆಯೇ ಬಿಟ್ಟು ಎದ್ದು ಹೊರಗೆ ಹೋದರು. ದೊಡ್ಡವರು ಮಾತ್ರ ಅಂಗಳದಲ್ಲಿ ನಿಂತು, "ಅಕ್ಕನಿಗೆ ವಯಸ್ಸಾಯ್ತು, ಮರೆತಿರ್ತಾರೆ" ಎಂದು ನನ್ನ ಗಂಡನಿಗೆ ಹೇಳಿ ಹೋದರು. ಇರಬಹುದು. ಐವತ್ತು ವರ್ಷದ ಮೇಲಿನ ಮಾತು. ಹಳೆಯ ವರ್ಷಗಳ ಬಳಿತವೇ ಗೋಡೆಯಲ್ಲಿ ಉಳಿದಿರಬಹುದು, ಆಗಲೂ ಅವಳೇ ಬಳಿದಿರಬಹುದು ಎಂದು ಗೋದಾಮಿನಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಹೇಳಿದರು. ಅದನ್ನು ಅತ್ತೆಗೆ ಹೇಳಿದೆ. ಹಳೇ ಬಳಿತವನ್ನೆಲ್ಲ ಕುಡುಗೋಲಿನಲ್ಲಿ ಹೆರೆದು ತೆಗೆದ ಮೇಲೇ ಹೊಸದು ಹಚ್ಚುವುದಂತೆ. ಆ ವರ್ಷ ಹೆರೆದದ್ದೂ ಅವರಿಬ್ಬರೇ ಅಂತೆ.

ಸಂಜೆಯೊಳಗೆ ಟ್ರ್ಯಾಕ್ಟರ್ ಬಂತು. ಮಂಕರಿ ತೆಗೆಯಬೇಕಿತ್ತೇ ಎಂದು ಕೇಳಿದ್ದಕ್ಕೆ ಅತ್ತೆ, "ಅವಳದ್ದು ಅವಳಿಗೇ ಇರ್ಲಿ" ಅಂದರು. ಕೆಮ್ಮಣ್ಣನ್ನು ಬಾಂಡ್ಲಿಯಲ್ಲಿ ಹೊತ್ತು ಹಾಕಿದೆವು. ಎಷ್ಟು ಹಾಕಿದರೂ ತುಂಬುತ್ತಿರಲಿಲ್ಲ. ಮತ್ತೊಂದು ಲೋಡು ತರಿಸಿದರು, ಅದೂ ಸಾಲದೆ ಇನ್ನೊಂದು. ಕೊನೆಗೆ ನೆಲದ ಮಟ್ಟಕ್ಕೆ ಬಂದಾಗ ಗುದ್ದಲಿ ಹಿಂಬದಿಯಿಂದ ಬಡಿದು ಗಟ್ಟಿ ಮಾಡಿ ಮೇಲೆ ಕಾಂಕ್ರೀಟ್ ಹಾಕಿಸಿದೆವು. ಅಂಗಳದ ಸಾಮಾನೆಲ್ಲ ಒಳಗೆ ಹೋಗುವಷ್ಟರಲ್ಲಿ ಹಬ್ಬದ ಹಿಂದಿನ ದಿನವಾಗಿತ್ತು. ಬೇವುಬೆಲ್ಲ ತಿಂದೆವು, ಒಬ್ಬಟ್ಟು ಮಾಡಿದೆವು, ಮಾರನೆಯ ದಿನದ ಹೊಸತೊಡಕಿಗೆ ಮಟನ್ ಬಂತು. ಮೊಬೈಲಿನಲ್ಲಿದ್ದ ವಿಡಿಯೊವನ್ನು ನನ್ನ ಗಂಡ ಯಾವಾಗ ಅಳಿಸಿದರೋ ಗೊತ್ತಿಲ್ಲ. ಕೇಳಿದರೆ ಮಾತು ಮರೆಸುತ್ತಾರೆ.

ಅತ್ತೆ ಮಾತ್ರ ಮಾತು ಶುರು ಮಾಡಿದರು. ಇಷ್ಟು ವರ್ಷ ಕಟ್ಟಿಟ್ಟಿದ್ದೆಲ್ಲ ಹೊರಗೆ ಬಂತು. ತರಕಾರಿ ಹೆಚ್ಚುವಾಗ, ಸೀರೆ ಮಡಚುವಾಗ, ಆ ನಾದಿನಿಯ ಸುದ್ದಿ. ಅವಳಿಗೆ ಹುಣಸೆ ಚಿಗುರು ಅಂದರೆ ಪ್ರಾಣ. ಬಾವಿಯೊಳಗೆ ಬಗ್ಗಿ ತನ್ನ ಹೆಸರನ್ನೇ ಕೂಗಿಕೊಳ್ಳುತ್ತಿದ್ದಳು. ಎಡಗೈಯಲ್ಲಿ ರಂಗೋಲಿ ಹಾಕುತ್ತಾಳೆಂದು ಅವಳಮ್ಮ ಕೈಮೇಲೆ ಬಾರಿಸುತ್ತಿದ್ದರು. ಹೇಳುತ್ತ ಅತ್ತೆ ನಗುತ್ತಿದ್ದರು. ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅದೇ ವರ್ಷದ ಪಿತೃಪಕ್ಷಕ್ಕೆ, ಹಿರಿಯರಿಗೆ ಎಡೆಯಿಡುವಾಗ ಅವಳಿಗೂ ಒಂದು ಬಟ್ಟೆ ಇಡಬೇಕೆಂದರು. ಇಬ್ಬರೂ ಹೊಸಕೋಟೆಗೆ ಹೋದೆವು. ಅಂಗಡಿಯಲ್ಲಿ ಅತ್ತೆ ಸೀರೆ ಕೇಳಿದರು. ಬಟ್ಟೆ ತೋರಿಸುತ್ತಿದ್ದ ಹೆಂಗಸು, "ಯಾರಿಗಮ್ಮ, ವಯಸ್ಸೆಷ್ಟು?" ಅಂದಳು.

"ಹದಿನಾರು" ಅಂದರು ಅತ್ತೆ.

"ಅಯ್ಯೋ, ಹದಿನಾರು ವರ್ಷದವ್ರು ಸೀರೆ ಎಲ್ಲಿ ಉಡ್ತಾರಮ್ಮ ಈಗ? ಚೂಡಿದಾರ ತಗೊಂಡೋಗಿ" ಎಂದು ಅವಳು ಇನ್ನೊಂದು ಕಡೆಯ ಗಂಟು ಬಿಚ್ಚಿದಳು.

ಅತ್ತೆ ಸ್ವಲ್ಪ ಯೋಚಿಸಿ, ಹೌದಲ್ಲವೇ ಎಂಬಂತೆ ತಲೆಯಾಡಿಸಿದರು. ಒಂದೊಂದೇ ಬಿಡಿಸಿ ನೋಡಿ, ಬಾಳೆಸುಳಿ ಹಸಿರಿನದೊಂದನ್ನು ಆರಿಸಿದರು. ಕಸೂತಿಯನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದರು. ನಾನು ಬೇರೆ ಕಡೆ ನೋಡುತ್ತ ನಿಂತಿದ್ದೆ.

"ಅಳತೆ ಯಾವುದು ಕೊಡ್ಲಿ?" ಅಂದಳು ಅಂಗಡಿಯ ಹೆಂಗಸು.

ಅತ್ತೆ ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಭುಜದ ಮೇಲೆ ಕೈಯಿಟ್ಟರು.

"ಇವಳಷ್ಟೇ" ಅಂದರು.